ಅಕ್ಕನ ಪಾತ್ರ ನನಗೆ ಬಂದದ್ದು

ಸುಳ್ಳು ಹೊಟ್ಟೆನೋವು ಬರಿಸಿಕೊಳ್ಳುವುದರಲ್ಲಿ ನನ್ನಕ್ಕ ಎತ್ತಿದ ಕೈ. ಕಸುಬು ಹೊಲಿಗೆ. ವಾರಕ್ಕೆರಡು ದಿನ ಮಾತ್ರ ಮೆಡಿಕಲ್ ಕಾಲೇಜಿಗೆ ಹೋಗಿ ರೋಗಿಯ ಪಾತ್ರ ಹಾಕುತ್ತಿದ್ದಳು. ಏಳೆಂಟು ವಿದ್ಯಾರ್ಥಿಗಳು ಸುತ್ತ ಕುರ್ಚಿ ಹಾಕಿಕೊಂಡು, ರೋಗಿಯ ಹತ್ತಿರ ಹೇಗೆ ಮಾತಾಡಬೇಕೆಂದು ಅವಳ ಜೊತೆ ಮಾತಾಡಿಯೇ ಕಲಿಯುತ್ತಿದ್ದರು. ಗಂಡ ಸತ್ತ ಮೇಲೆ ನನ್ನ ಮನೆಯಲ್ಲೇ ಇದ್ದಾಳೆ. ನಾನು ಬಾಯಿಬಡುಕಿ, ಅವಳು ತುಟಿಪಿಟಕ್ಕೆನ್ನದವಳು. ಇಂಥವಳು ನಟಿಸುತ್ತಾಳೆಂದರೆ ಯಾರು ನಂಬುತ್ತಾರೆ! ಆಮೇಲೆ ಅದೇ ಕೆಲಸಕ್ಕೆ ನಾನೂ ಸೇರಿದೆ. ಒಂದೇ ಮನೆಯ ಇಬ್ಬರನ್ನು ತೆಗೆದುಕೊಳ್ಳುವುದಿಲ್ಲವಂತೆ, ಹಾಗಾಗಿ ಅಕ್ಕತಂಗಿಯರೆಂದು ಅಲ್ಲಿ ಬಾಯಿ ಬಿಡಲಿಲ್ಲ.

ಪಾಠ ಮಾಡುವ ಡಾಕ್ಟರಮ್ಮ ಎಂದರೆ ಅಕ್ಕನಿಗೆ ದೇವರ ಸಮಾನ. ರೋಗಿ ಹೇಳಿದ್ದು ಈ ಕೋಣೆ ದಾಟಬಾರದು ಎಂದು ಹೇಳಿಯೇ ಅವರು ತರಗತಿ ಶುರುಮಾಡುತ್ತಿದ್ದರು.

ಕಳೆದ ವಾರ ಅವರು ನನಗೊಂದು ಹೊಸ ಪಾತ್ರ ವಿವರಿಸಿದರು. ಅಂಗಡಿ ಇಟ್ಟುಕೊಂಡ ವಿಧವೆ, ತಂಗಿಯ ಮನೆಯಲ್ಲಿ ವಾಸ. ಎದೆಯಲ್ಲಿ ಗಂಟು. ಹೇಳಿದರೆ ತಂಗಿ ಊರು ಒಂದು ಮಾಡುತ್ತಾಳೆಂದು ಮುಚ್ಚಿಟ್ಟಿದ್ದಾಳೆ. ಎಡಗೈ ಎತ್ತಲಾಗದೆ, ಭುಜ ಹಿಡಿದುಕೊಂಡಿದೆ ಎಂದು ಸುಳ್ಳು ಹೇಳಿ ತಂಗಿಯ ಕೈಲೇ ತಲೆ ಬಾಚಿಸಿಕೊಳ್ಳುತ್ತಾಳೆ.

ಆ ಬೆಳಿಗ್ಗೆಯಷ್ಟೇ ಅಕ್ಕನ ತಲೆ ಬಾಚಿ, ‘ಮಹಾರಾಣಿ ಆಗ್ಬಿಟ್ಟೆ’ ಎಂದು ಗೇಲಿ ಮಾಡಿ ಬಂದಿದ್ದೆ.

ಇದು ಯಾರ ಕತೆ ಎಂದು ಕೇಳಿದೆ.

“ನಮ್ಮಲ್ಲೇ ಒಬ್ರು ಪಾತ್ರ ಮರೆತು ತಮ್ಮ ಕಷ್ಟ ಹೇಳ್ಕೊಂಡ್ರು. ಸೋಮವಾರ ತಪಾಸಣೆಗೆ ಬರೋಕೂ ಒಪ್ಪಿದಾರೆ. ಕಲಿಸೋಕೆ ತುಂಬಾ ಒಳ್ಳೇ ಕತೆ. ಕಸುಬು ಬದಲಾಯಿಸಿದೀನಲ್ಲ, ಯಾರು ಅಂತ ಗೊತ್ತಾಗಲ್ಲ.”

ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಮೈಯೆಲ್ಲ ಉರಿದು, ಪಾತ್ರವೂ ಬೇಡ ಏನೂ ಬೇಡ ಎಂದು ಎದ್ದು ಬಂದೆ.

ಅಕ್ಕ ಅಂಗಿಗೆ ಗುಂಡಿ ಹಾಕುತ್ತಿದ್ದಳು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ನಿಜ ಹೇಳಬೇಕೆಂದರೆ ನನಗೆ ಡಾಕ್ಟರಮ್ಮನಿಗಿಂತ ಅವಳ ಮೇಲೇ ಹೆಚ್ಚು ಸಿಟ್ಟು ಬಂದಿತ್ತು. ಪಕ್ಕದಲ್ಲೇ ಮಲಗುವ ನನಗೆ ಹೇಳದ್ದನ್ನು ಗುರುತು ಪರಿಚಯವಿಲ್ಲದ ಮಕ್ಕಳೆದುರು ಹೇಳಿದಳಲ್ಲ!

“ನಂಗ್ಯಾಕೆ ಹೇಳ್ಲಿಲ್ಲ?”

“ಅಲ್ಲೊಂದು ಹುಡುಗಿ, ಮನೇಲಿ ಯಾರಿಗಾದ್ರೂ ಹೇಳಿದೀರಾ ಅಮ್ಮ ಅಂತ ಕೇಳಿ ಸುಮ್ನೆ ಕೂತ್ಲು ಕಣೆ. ಹೇಳಿ ಮುಗಿಸೋವರೆಗೂ ಬಾಯಿ ಹಾಕ್ಲಿಲ್ಲ. ನೀನು ಯಾವತ್ತು ಹಾಗೆ ಕೂತಿದೀಯ?”

ಸೋಮವಾರ ನಾನೂ ಬರುತ್ತೇನೆ, ಆ ಆಸ್ಪತ್ರೆ ಬೇಡವಾದರೆ ಬೇರೆ ಕಡೆ ಹೋಗೋಣ ಎಂದೆ, ಗೋಗರೆದೆ.

“ಇನ್ನು ಯಾವ ಡಾಕ್ಟರ ಮುಂದೇನೂ ನಾನು ಬಾಯಿ ಬಿಡಲ್ಲ,” ಎಂದು ಅಕ್ಕ ಮುಂದಿನ ಅಂಗಿ ಎತ್ತಿಕೊಂಡಳು.