ಹರಿಹರದಲ್ಲಿ ಹೇಳಿದ ಸಾಕ್ಷಿ

ಇದನ್ನು ಹೇಳದೆ ಬಹಳ ವರ್ಷ ತಳ್ಳಿಕೊಂಡು ಬಂದೆ. ನಮ್ಮ ಚರ್ಚಿನ ಸಭೆಯಲ್ಲಿ ಎಷ್ಟೋ ಸಲ ಎದ್ದು ನಿಂತು ಮಾತಾಡಿದ್ದೇನೆ. ಇದೊಂದನ್ನು ಮಾತ್ರ ಬಿಟ್ಟೇ ಮಾತಾಡಿದ್ದೇನೆ.

ಎಪ್ಪತ್ತರ ದಶಕದ ಕೊನೆ. ನಾನು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತ. ವಿನೋಬನಗರದಲ್ಲಿ ಬಾಡಿಗೆ ಮನೆ. ಪಕ್ಕದ ಮನೆಯವರು ಅರಳೆ ಹಿಂಜಿ ಗಾದಿ ಹೊಲಿಯುವ ಸಾಬರು, ನನ್ನ ಓರಗೆಯವರು. ಎರಡೂ ಮನೆಗಳ ನಡುವೆ ಒಂದೇ ಗೋಡೆ. ರಂಜಾನಿಗೆ ಅವರ ಶ್ಯಾವಿಗೆಯ ಸುರ್ಕುಂಬ ನಮ್ಮ ಮನೆಗೆ, ಕ್ರಿಸ್‌ಮಸ್ಸಿಗೆ ನಮ್ಮ ಕರ್ಜಿಕಾಯಿ ಅವರ ಮನೆಗೆ. ಸಂಜೆ ನಾಲ್ಕು ಮನೆಯ ಹೆಂಗಸರು ನಮ್ಮ ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುವಾಗ, ನನ್ನ ಹೆಂಡತಿ ಯೇಸುಸ್ವಾಮಿಯ ಸಂಗತಿಯನ್ನು ತವರಿನ ಸುದ್ದಿಯಷ್ಟು ಸಲೀಸಾಗಿ ಹೇಳುತ್ತಿದ್ದಳು. ಶಿಷ್ಯರು ಮೀನು ಹಿಡಿಯುವವರು ಎಂದಾಗ ಸಾಬರ ಹೆಂಡತಿ, "ಹಂಗಾದ್ರೆ ಅವ್ರ ಮನಿಯಾಗ ಸಾರಿಗೆ ಬರ ಇರ್ಲಿಲ್ಲ ಬಿಡಕ್ಕಾ" ಎಂದು ಎಲ್ಲರನ್ನೂ ನಗಿಸಿದ್ದಳು.

ಒಂದು ಸಲ ಆಕೆಗೆ ವಿಷಮಶೀತ ಜ್ವರ ಬಂತು. ನನ್ನ ಹೆಂಡತಿ ದಿನಾ ಗಂಜಿ ಒಯ್ದಳು, ಪಕ್ಕದಲ್ಲಿ ಕೂತು ಪ್ರಾರ್ಥಿಸಿದಳು. "ಅಕ್ಕಾ, ನೀನು ದೇವ್ರ ಹತ್ರ ಮನಿ ಮಂದಿ ಜೊತಿ ಮಾತಾಡಿದಂಗ ಮಾತಾಡ್ತಿ. ನಂಗೂ ಹೇಳಿಕೊಡು" ಎಂದಳಂತೆ ಆಕೆ. ಅದನ್ನು ನನಗೆ ಹೇಳಿದ ಹೆಂಡತಿ, "ಇದು ನಮ್ಮಿಬ್ರ ನಡುವಿನ ಮಾತು. ಅಕಿ ಗಂಡಗೂ ಹೇಳಿಲ್ಲ. ನೀವು ಯಾರ ಮುಂದೂ ಆಡಬ್ಯಾಡ್ರಿ" ಎಂದಳು.

ಮರುದಿನ ಭಾನುವಾರ. ನಾನು ಚರ್ಚಿನಲ್ಲಿ ಸಭಾಪಾಲಕರ ಮುಂದೆ ಆಡಿದೆ. ಅದೂ ನನ್ನ ಸೇವೆಯ ಫಲವೆಂಬಂತೆ. ಅವರು ಹಿಗ್ಗಿ, ಹರಿಹರದಲ್ಲಿ ನಡೆಯಲಿದ್ದ ಸಾಕ್ಷಿಕೂಟಕ್ಕೆ ಸಾಬರನ್ನೇ ಕರೆತರಲು ಹೇಳಿದರು. ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತೇವೆ.

"ಶನಿವಾರ ಹರಿಹರಕ್ಕೆ ಬರ್ರಿ. ಒಂದು ಸಾಕ್ಷಿ ಹೇಳೋದೈತೆ," ಎಂದೆ.

"ನಿಮ್ಮ ಸಲುವಾಗಿ ಬರದೆ ಇರ್ತೀನೇನ್ರಿ ಭಾಯಿ," ಎಂದರು.

ಶನಿವಾರ ಅಂಗಡಿ ಮುಚ್ಚಿ, ಇಸ್ತ್ರಿ ಅಂಗಿ ತೊಟ್ಟು, ಕೈಯಲ್ಲಿ ರೇಷನ್ ಕಾರ್ಡು ಹಿಡಿದು ಬಂದರು.

"ಕಾರ್ಡು ಯಾಕ?"

"ಕೋರ್ಟಿನಾಗ ನೀ ಯಾರು ಅಂತ ಕೇಳಿದ್ರೆ ತೋರಿಸ್ಬೇಕಲ್ಲ. ಕೇಸು ಯಾರ ಮ್ಯಾಲ?"

ಅವರು ತಪ್ಪು ತಿಳಿದದ್ದು ನನಗೆ ಆಗಲೇ ಗೊತ್ತಾಯಿತು. ಬಿಡಿಸಿ ಹೇಳಿದರೆ ಬರಲಿಕ್ಕಿಲ್ಲವೆಂದು, "ಅಲ್ಲಿಗೆ ಹೋದ್ಮೇಲೆ ಗೊತ್ತಾಗ್ತೈತೆ" ಎಂದು ಬಸ್ಸು ಹತ್ತಿಸಿದೆ.

ಕೂಟದಲ್ಲಿ ಸಭಾಪಾಲಕರು, ಇವರ ಮನೆಯಾಕೆ ಪ್ರಾರ್ಥನೆ ಕಲಿಯುತ್ತಿದ್ದಾರೆಂದು ಎಲ್ಲರೆದುರು ಸಾರಿ ಸಾಬರನ್ನು ಮುಂದಕ್ಕೆ ಕರೆದರು. ಸಾಬರು ನನ್ನತ್ತ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿದೆ.

"ಸಾಕ್ಷಿ ಅಂದ್ರೆ ಕಂಡಿದ್ದು ಹೇಳ್ಬೇಕು," ಎಂದರು ಸಾಬರು. "ನನ್ನ ಹೆಂಡ್ತಿ ಜ್ವರದಾಗ ಮಲಗಿದ್ಲು. ಈ ಭಾಯಿ ಮನಿ ಅಕ್ಕಾರು ದಿನಾ ಗಂಜಿ ತಂದ್ರು. ದೇವ್ರ ಹತ್ರ ಅವಳ ಹೆಸರು ಹೇಳಿ ಅತ್ರು. ನಾನು ಬಾಗಿಲ ಹೊರಗ ಕೂತು ಕೇಳೀನಿ. ಅವ್ರ ದೇವ್ರು ದೊಡ್ಡವನೇ ಇರ್ಬೇಕು. ಇದ್ರ ಮ್ಯಾಲ ಒಂದು ಮಾತು ಹೇಳಿದ್ರೂ ಸುಳ್ಳು ಸಾಕ್ಷಿ ಆಗ್ತೈತೆ."

ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಆಮೆನ್ ಎಂದಳು. ನಾನು ಅಷ್ಟು ವರ್ಷ ಹೇಳಿದ ಯಾವ ಸಾಕ್ಷಿಗೂ ಅಂಥ ಆಮೆನ್ ಬಂದಿರಲಿಲ್ಲ.

ಬಸ್ ನಿಲ್ದಾಣದಲ್ಲಿ ಸಾಬರ ಕೈ ಹಿಡಿದು ಕ್ಷಮಿಸಿ ಎಂದೆ. ಅವರು ರೇಷನ್ ಕಾರ್ಡು ಮಡಚಿ ಜೇಬಿಗಿಟ್ಟರು. ಆಮೇಲೆ, "ಕೇಸು ನೀವೇ ಸೋತ್ರಿ. ಮಂಡಕ್ಕಿ ಮಿರ್ಚಿ ಕೊಡಿಸ್ರಿ" ಎಂದು ನಕ್ಕರು.

ಆದರೆ ಅವರ ಹೆಂಡತಿ ನಗಲಿಲ್ಲ. "ನಿಂಗ ಹೇಳಿದ್ದು ಹರಿಹರದ ತನಕ ಹೆಂಗ್ ಹೋತಕ್ಕಾ?" ಎಂದು ಕೇಳಿದಳು. ನನ್ನ ಹೆಂಡತಿ, "ಬಾಯಿ ಬಿಟ್ಟಾಕಿ ನಾನೇ" ಎಂದಳಷ್ಟೇ, ನನ್ನ ಹೆಸರೆತ್ತಲಿಲ್ಲ. ಮೂರು ವಾರ ಆಕೆ ನಮ್ಮ ಕಟ್ಟೆಯ ಕಡೆ ಸುಳಿಯಲಿಲ್ಲ. ನನ್ನ ಹೆಂಡತಿ ಆಕೆಯ ದಾರಿ ನೋಡುತ್ತ ಕೂತಿರುವುದನ್ನು ನೋಡಲಾರದೆ ನಾನೇ ಹೋಗಿ ಆಕೆಯ ಬಾಗಿಲಲ್ಲಿ ನಿಂತೆ, ತಪ್ಪು ನನ್ನದು ಎಂದೆ.

"ನಂಗೇನು ಗೊತ್ತಿಲ್ಲೇನ್ರಿ? ಅಕ್ಕನ ಬಾಯಿ ಅಂಥದ್ದಲ್ಲ. ನೀವು ಯಾವಾಗ ಬರ್ತೀರಂತ ನೋಡ್ತಿದ್ದೆ," ಎಂದಳು. ಸಂಜೆ ಬಂದು ಕೂತಳು.

ಆಕೆ ತನ್ನ ನಮಾಜು ಬಿಡಲಿಲ್ಲ. ಕಷ್ಟ ಬಂದಾಗ "ಅಕ್ಕಾ, ನಿಮ್ಮ ಸ್ವಾಮಿಗೊಂದು ಮಾತು ಹೇಳು" ಎನ್ನುವುದನ್ನೂ ಬಿಡಲಿಲ್ಲ. ನಮ್ಮ ಕಟ್ಟೆಯ ಕೂಟಕ್ಕೆ ಆಮೇಲೆ ಬೇರೆ ಮನೆಯವರೂ ಸೇರಿದರು. ಕೇಳಿದವರಿಗೆ ನನ್ನ ಹೆಂಡತಿ ಹೇಳಿದಳು, ಕೇಳದವರಿಗೆ ಚಹಾ ಕೊಟ್ಟಳು. ಅವರಲ್ಲಿ ಇಬ್ಬರು ಮುಂದೆ ತಾವಾಗಿಯೇ ಸಭೆಗೂ ಬಂದರು. ನಾನು ಬಾಯಿ ಮುಚ್ಚಿಕೊಂಡು ಕೂತು ಕೇಳುವುದನ್ನು ಕಲಿತೆ.

ಸಾಬರ ಕ್ಷಮೆ ಕೇಳಿದೆ, ಅವರ ಹೆಂಡತಿಯ ಕ್ಷಮೆ ಕೇಳಿದೆ, ಸಭಾಪಾಲಕರ ಮುಂದೂ ಒಪ್ಪಿಕೊಂಡೆ. ಯಾರ ಮಾತು ಮುರಿದು ಯಾರ ಕೆಲಸವನ್ನು ನನ್ನದೆಂದು ಹೇಳಿಕೊಂಡೆನೋ, ಯಾರು ನನ್ನ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡಳೋ, ಅವಳನ್ನು ಮಾತ್ರ ಇವತ್ತಿನ ತನಕ ಕೇಳಿಲ್ಲ. ಈಗ ಒಳಗೆ ಮೊಮ್ಮಗಳ ತಲೆ ಬಾಚುತ್ತಿರುವ ನನ್ನ ಹೆಂಡತಿಯನ್ನು.