ಎಲಿಹಿಯೊನ ಬಲಗೈ

ಕಬ್ಬು ತುಂಬಿದ ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವಾಗ ಸರಪಳಿ ಜಾರಿ ಎಲಿಹಿಯೊನ ಬಲಭುಜಕ್ಕೆ ಬಡಿದದ್ದನ್ನು ಕಂಡವನು ನಾನೊಬ್ಬನೇ. ಬೇಸ್‌ಬಾಲ್ ಫೈನಲ್‌ಗೆ ಇನ್ನು ಹನ್ನೊಂದು ದಿನ ಇತ್ತು. ಯಾರಿಗೂ ಹೇಳಬೇಡ ಎಂದ. ನಾನು ನಮ್ಮ ತಂಡದ ಮ್ಯಾನೇಜರ್ ಫೆರ್ಮಿನ್‌ಗೆ ಮಾತ್ರ ಹೇಳಿದೆ.

ಸಾನ್ ಪೆದ್ರೊ ಸುತ್ತಲಿನ ಸಕ್ಕರೆ ಕಾರ್ಖಾನೆಯ ಕಾಲೊನಿಗಳಲ್ಲೆಲ್ಲ ಆ ಕೈಗೆ ಹೆಸರಿತ್ತು. ಮೈದಾನದ ಬಲಬದಿಯ ಬೇಲಿಯ ಹತ್ತಿರದಿಂದ ಅವನೆಸೆದ ಚೆಂಡು ನೆಲ ಮುಟ್ಟದೆ ಹೋಮ್‌ನಲ್ಲಿ ಕೂತ ಕ್ಯಾಚರ್‌ನ ಗ್ಲೌಸಿಗೆ ಬಂದು ಬೀಳುತ್ತಿತ್ತು. ಮೂವತ್ತಾರು ವರ್ಷವಾಗಿದ್ದರೂ ಅವನ ಕಡೆ ಚೆಂಡು ಹೋದರೆ ಎದುರಾಳಿಗಳು ಬೇಸ್ ಬಿಟ್ಟು ಕದಲುತ್ತಿರಲಿಲ್ಲ. ಈಗ ಅದೇ ಕೈಯಲ್ಲಿ ಅಂಗಿ ತೊಡಲು ಒದ್ದಾಡುತ್ತಿದ್ದ. ಹೆಂಡತಿ ನೆರೆಯ್ದಾ ದಿನಾ ಬೈಯುತ್ತಲೇ ಭುಜಕ್ಕೆ ಎಣ್ಣೆ ತಿಕ್ಕುತ್ತಿದ್ದಳು.

ಫೈನಲ್ ದಿನ, ಭಾನುವಾರ, ಫೆರ್ಮಿನ್ ಆಡುವವರ ಪಟ್ಟಿ ಓದಿದ. ಬಲಬದಿಗೆ ಎಲಿಹಿಯೊನೇ. ಬ್ಯಾಟಿಂಗ್‌ನಲ್ಲಿ ಮಾತ್ರ ನಾಲ್ಕನೆಯವನಾಗಿದ್ದವನು ಕೊನೆಯ ಒಂಬತ್ತನೆಯವನಾಗಿದ್ದ. ಆಮೇಲೆ ಅವನನ್ನು ಪಕ್ಕಕ್ಕೆ ಕರೆದ.

"ನಿನ್ ಕೈ ಹೋಗಿರೋದು ನಂಗೊತ್ತು. ಅವರಿಗೆ ಗೊತ್ತಿಲ್ವಲ್ಲ. ಅಲ್ಲಿ ಹೋಗಿ ನಿಂತ್ಕೋ, ಸಾಕು."

"ಎಸೀಲೇಬೇಕಾಗಿ ಬಂದ್ರೆ, ಡೊನ್ ಫೆರ್ಮಿನ್?"

"ಬರದೇ ಇರೋ ಹಾಗೆ ನೋಡ್ಕೋ."

ಆಟಕ್ಕೆ ಮುಂಚೆ ಎಲ್ಲರೂ ಚೆಂಡೆಸೆದು ಕೈ ಸಡಿಲಿಸಿಕೊಳ್ಳುತ್ತಿದ್ದರೆ ಅವನು ಬೇಲಿಗೊರಗಿ ಕಿತ್ತಳೆ ತಿನ್ನುತ್ತಿದ್ದ. ಎದುರು ತಂಡದವರು ಅದನ್ನು ಜಂಬ ಅಂದುಕೊಂಡರು. ಎರಡನೇ ಬೇಸ್ ಕಾಯುವವನು ನಾನು. ಅವನ ಎಸೆತ ದೂರ ಹೋಗದಿದ್ದರೆ ಓಡಿ ಹಿಡಿಯಬೇಕಾದವನು ನಾನೇ.

ಐದನೇ ಇನಿಂಗ್ಸ್‌ನಲ್ಲಿ ಅವರ ಹೊಡೆತವೊಂದು ನೇರ ಅವನ ಬಳಿಗೆ ಉರುಳಿತು. ಎರಡನೇ ಬೇಸ್‌ನಲ್ಲಿದ್ದ ಅವರ ಓಟಗಾರ ಸಲೀಸಾಗಿ ಹೋಮ್ ಮುಟ್ಟಿ ರನ್ ಗಳಿಸಬಹುದಿತ್ತು. ಎಲಿಹಿಯೊ ಚೆಂಡೆತ್ತಿ ಕೈ ಹಿಂದಕ್ಕೊಯ್ದ. ಓಟಗಾರ ಮೂರನೇ ಬೇಸ್‌ನಲ್ಲೇ ಗಕ್ಕನೆ ನಿಂತ. ಎಲಿಹಿಯೊ ಅವನನ್ನೇ ದಿಟ್ಟಿಸುತ್ತ ಓಡಿಬಂದು ಚೆಂಡನ್ನು ನನ್ನ ಕೈಗಿಟ್ಟ. ಮುಖವೆಲ್ಲ ಬೆವರಿತ್ತು.

ಕೊನೆಯ ಇನಿಂಗ್ಸ್. ನಮ್ಮದು ಮೂರು ರನ್, ಅವರದು ಎರಡು. ಅವರಲ್ಲಿ ಒಬ್ಬ ಔಟಾಗಿದ್ದ, ಇನ್ನಿಬ್ಬರು ಔಟಾದರೆ ಪಂದ್ಯ ನಮ್ಮದು. ಮೂರನೇ ಬೇಸ್‌ನಲ್ಲಿ ವಿರ್ಹಿಲಿಯೊ, ಅವರ ಪೈಕಿ ಎಲ್ಲರಿಗಿಂತ ಜೋರಾಗಿ ಓಡುವವನು. ಚೆಂಡು ಎತ್ತರಕ್ಕೆ ಹಾರಿ ಬಲಬದಿಗೆ ಹೋಯಿತು. ಎಲಿಹಿಯೊ ಹಿಡಿದ; ಎರಡನೇ ಔಟ್. ಹಿಡಿದ ಮೇಲೆ ವಿರ್ಹಿಲಿಯೊ ಹೋಮ್‌ಗೆ ಓಡಬಹುದು. ಎರಡು ಹೆಜ್ಜೆ ಇಟ್ಟ, ಮೇಲೆತ್ತಿದ ಆ ಕೈ ಕಂಡು ತಡೆದ, ಅವರ ಕೋಚ್ ಕೂಗಿದ ಮೇಲೆ ಮತ್ತೆ ಓಡಿದ.

ಎಲಿಹಿಯೊ ಎಸೆದ. ಅವನು ನರಳಿದ್ದು ನನಗೆ ಕೇಳಿಸಿತು. ಚೆಂಡು ಮೂವತ್ತು ಹೆಜ್ಜೆಯೂ ದಾಟದೆ ನೆಲಕ್ಕೆ ಬಡಿದು, ಪುಟಿದು ನನ್ನ ಗ್ಲೌಸಿಗೆ ಬಂತು. ತಿರುಗಿ ಹೋಮ್‌ಗೆ ಎಸೆದೆ. ನನ್ನ ಎಸೆತ ಅಷ್ಟಕ್ಕಷ್ಟೇ ಎಂದು ಇಡೀ ಕಾಲೊನಿಗೆ ಗೊತ್ತು. ಜಾರಿಬಂದ ವಿರ್ಹಿಲಿಯೊನ ಮೈಗೆ ಕ್ಯಾಚರ್ ಚೆಂಡು ಮುಟ್ಟಿಸಿದ, ಧೂಳೆದ್ದಿತು. ಅಂಪೈರ್ ಬಗ್ಗಿ ನೋಡಿದ, ಇನ್ನೂ ನೋಡಿದ, ಆಮೇಲೆ ಮುಷ್ಟಿ ಎತ್ತಿದ. ಔಟ್.

ವಿರ್ಹಿಲಿಯೊ ಅಂಗಿ ಕೊಡವುತ್ತ ಬಂದು, ನೇರ ಹೋಮ್‌ಗೆ ಯಾಕೆ ಎಸೆಯಲಿಲ್ಲ ಎಂದು ಕೇಳಿದ.

ಎಲಿಹಿಯೊ ತುಟಿ ಚಾಚಿ ನನ್ನನ್ನು ತೋರಿಸಿದ. "ಇವ್ನೂ ಊಟ ಮಾಡ್ತಾನಲ್ಲ, ಒಂಚೂರು ಕೆಲ್ಸ ಮಾಡ್ಲಿ ಅಂತ."

ಭುಜದ ಸ್ನಾಯು ಪೂರ್ತಿ ಹರಿದಿದೆ ಎಂದು ಮರುದಿನ ಆಸ್ಪತ್ರೆಯಲ್ಲಿ ಹೇಳಿದರು. ಮುಂದಿನ ವರ್ಷ ಫೆರ್ಮಿನ್ ಅವನನ್ನು ಮೊದಲ ಬೇಸ್‌ಗೆ ತಂದ; ಅಲ್ಲಿ ಹಿಡಿಯುವುದೇ ಹೆಚ್ಚು, ಎಸೆಯುವುದು ಕಮ್ಮಿ. ಬಲಬದಿಗೆ ಬೇರೊಬ್ಬ ಬಂದ. ಮೊದಲ ಪಂದ್ಯದಲ್ಲೇ ಎದುರಾಳಿಗಳು ಆ ಹೊಸಬನ ಕೈಗೆ ಹೆದರದೆ ಮೂರು ರನ್ ಓಡಿದರು. ಎಲಿಹಿಯೊ ಒಮ್ಮೆಯೂ ಅತ್ತ ತಿರುಗಿ ನೋಡಲಿಲ್ಲ.