ಉಸುಕಿನಲ್ಲಿ ಸಾಲು ಹೊಡೆದು ಹಿಮಕ್ಕೆ ಹೊರಟ ನಾಗಮಣಿ

ಕಣೇಕಲ್ಲು ದಾಟಿ ಹಗರಿಯ ದಂಡೆಗೆ ಬಂದರೆ ಗಾಳಿ ತಂದು ಗುಡ್ಡೆ ಹಾಕಿದ ಉಸುಕಿನ ದಿಬ್ಬಗಳು. ಮಾರ್ಗಶಿರದ ಚಳಿ, ಇನ್ನೂ ಪೂರ್ತಿ ಬೆಳಕಾಗಿಲ್ಲ. ರಾತ್ರಿಯೆಲ್ಲ ಇಬ್ಬನಿ ಕುಡಿದ ಉಸುಕು ಬೆಲ್ಲದಚ್ಚಿನ ಬಣ್ಣಕ್ಕೆ ತಿರುಗಿದೆ. ಹುಲ್ಲುಕಡ್ಡಿಯೂ ಹುಟ್ಟದ ಈ ಜಾಗದಲ್ಲಿ ತಲೆಗೆ ಟವೆಲ್ ಸುತ್ತಿದ ಹಿರಿಯರೊಬ್ಬರು ಜೋಡೆತ್ತು ಕಟ್ಟಿ ಕೂರಿಗೆ ಹೊಡೆಯುತ್ತಿದ್ದಾರೆ.

ಕುರಿ ಹೊಡೆದುಕೊಂಡು ಹೋಗುತ್ತಿದ್ದವರೊಬ್ಬರು ನಿಂತು ಕೂಗುತ್ತಾರೆ: “ಹೊನ್ನೂರಪ್ಪಣ್ಣ, ಉಸುಕಿನಾಗ ಏನ್ ಬಿತ್ತಾಕತ್ತೀಯೋ?”

“ಸೊಸೀನ್ನ ಬಿತ್ತಾಕತ್ತೀನಿ. ಹಿಮದಾಗ ಬೆಳಿ ಬರ್ತೈತಿ, ನೋಡ್ತಿರು.”

ಕೂರಿಗೆಯ ಹಿಂದೆಯೇ ಸೊಸೆ ನಾಗಮಣಿ. ಒಂದೊಂದು ಕಾಲಿಗೂ ಆಳೆತ್ತರ ಮೀರಿದ ಸಪೂರ ಹಲಗೆ, ಕೈಯಲ್ಲಿ ಎರಡು ಕೋಲು, ಸೊಂಟಕ್ಕೆ ಬಿಗಿದ ವೇಲು. ಕೂರಿಗೆ ಬಿಟ್ಟುಹೋದ ಎರಡು ಸಾಲುಗಳೊಳಗೆ ಹಲಗೆ ಇಟ್ಟು, ಒಂದು ಕಾಲನ್ನು ಒತ್ತಿ ಇನ್ನೊಂದನ್ನು ಜಾರಿಸುತ್ತಾರೆ. ಜರಡಿಯಲ್ಲಿ ರಾಗಿ ಆಡಿಸಿದಂಥ ಸದ್ದು. ನೋಡನೋಡುತ್ತ ದಿಬ್ಬದ ನೆತ್ತಿಯಲ್ಲಿದ್ದಾರೆ, ಮರುಗಳಿಗೆ ಅದರಾಚೆ ಮರೆಯಾಗಿದ್ದಾರೆ. ಏಳು ಸಮುದ್ರ ದಾಟಿಸುವ ಹಾವುಗೆಗಳ ಕಥೆಯನ್ನು ಅಜ್ಜಿಯ ಮಗ್ಗುಲಲ್ಲಿ ಮಲಗಿ ಕೇಳಿದವಳು ನಾನು. ಅಂಥದ್ದನ್ನು ಮೆಟ್ಟಿದವರನ್ನು ಕಣ್ಣಾರೆ ಕಂಡದ್ದು ಇದೇ ಮೊದಲು.

ನಾಗಮಣಿ ಮೆಟ್ಟಿರುವುದು ಸ್ಕೀ. ಹಿಮ ಬೀಳುವ ನಾಡುಗಳಲ್ಲಿ ಈ ಹಲಗೆ ಕಟ್ಟಿಕೊಂಡು ಏರು ಹತ್ತಿ, ಇಳುಕಲು ಇಳಿದು, ಕಾಡು ಬಯಲು ದಾಟಿ ಮೈಲಿಗಟ್ಟಲೆ ಹೋಗುವ ಪಂದ್ಯ ನಡೆಯುತ್ತದೆ. ನಮ್ಮ ದೇಶದಲ್ಲೂ ಚಳಿಗಾಲಕ್ಕೊಮ್ಮೆ ಬಡಗಣ ಬೆಟ್ಟಗಳಲ್ಲಿ ನಡೆಯುತ್ತದೆ. ಹಿಮ ಹೋಗಲಿ, ವರ್ಷಕ್ಕೆ ನಾಲ್ಕು ಒಳ್ಳೆಯ ಮಳೆ ಕಂಡರೆ ಹಬ್ಬ ಎನ್ನುವ ಸೀಮೆಯಿಂದ ಅಲ್ಲಿಗೆ ಹೋಗಿಬಂದವರು ಇವರು. ಅದೂ ವಾರವಿಡೀ ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ಹಿಂದಿನ ಜೇಬು ಹೊಲಿಯುತ್ತಲೇ.

ನಾಗಮಣಿಯ ತವರು ಮಡಕಶಿರದ ಕಡೆಯ ರೊಳ್ಳ. ಹತ್ತನೇ ತರಗತಿ ಮುಗಿಸಿದ ಮೇಲೆ, ಊರಿನ ಎಷ್ಟೋ ಹುಡುಗಿಯರ ಹಾಗೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದರು. ಅಲ್ಲಿ ಹೊಲಿಯುತ್ತಿದ್ದದ್ದು ಹಿಮದ ದೇಶಗಳಿಗೆ ಹೋಗುವ ಪ್ಯಾಂಟು. “ಪ್ಯಾಂಟಿನ ಕಾಲೊಳಗೆ ಇನ್ನೊಂದು ಬಿಗಿ ಪಟ್ಟಿ ಇಡ್ಬೇಕಿತ್ತು. ಯಾತಕ್ಕೆ ಅಂತ ಯಾರ್ಗೂ ಗೊತ್ತಿರ್ಲಿಲ್ಲ ಕಣಮ್ಮ. ಸೊಳ್ಳೆ ಹೋಗ್ದಿರ್ಲಿ ಅಂತ ಇರ್‌ಬೇಕು ಅನ್ಕೊಂಡಿದ್ವಿ,” ಎಂದು ನಗುತ್ತಾರೆ.

ಆ ಗುಟ್ಟು ಬಿಡಿಸಿದವರು ಮಾಲು ಪರೀಕ್ಷಿಸಲು ಫಿನ್ಲೆಂಡಿನಿಂದ ಬರುತ್ತಿದ್ದ ಐಲಾ ಎಂಬ ಹೆಂಗಸು. ನಡಿಗೆ ಕಲಿತಾಗಿನಿಂದಲೂ ಹಲಗೆ ಕಟ್ಟಿದವರು. ಶಾಲೆಗೆ ಅದರ ಮೇಲೆಯೇ ಹೋಗಿ, ದೊಡ್ಡ ಪಂದ್ಯಗಳಲ್ಲಿ ದೇಶದ ಪರವಾಗಿ ಓಡಿ, ಮಂಡಿ ಕೈಕೊಟ್ಟ ಮೇಲೆ ಬಟ್ಟೆ ಕಂಪನಿಯ ಕೆಲಸಕ್ಕೆ ಸೇರಿದ್ದರು. ಪಟ್ಟಿ ಯಾಕೆ ಎಂದು ನಾಗಮಣಿ ಕೈಸನ್ನೆಯಲ್ಲಿ ಕೇಳಿದ್ದಕ್ಕೆ, ಜಾರುವಾಗ ಹಿಮ ಒಳಗೆ ನುಗ್ಗದಿರಲಿ ಎಂದು ಆಕೆ ಜಾರಿಯೇ ತೋರಿಸಿದರು. ಶೂ ಬಿಚ್ಚಿ, ಕಾಲುಚೀಲದಲ್ಲಿ ನಿಂತು, ಮಿಶೀನುಗಳ ನಡುವಿನ ನುಣುಪು ನೆಲದ ಮೇಲೆ ಈ ತುದಿಯಿಂದ ಆ ತುದಿಗೆ ಜಾರಿಬಿಟ್ಟರಂತೆ.

“ಅಷ್ಟು ದಪ್ಪ ಹೆಂಗಸು, ಮಂಡಿ ನೋವು ಬೇರೆ. ಆದ್ರೂ ನೀರಿನ ಮೇಲೆ ಬಾತುಕೋಳಿ ಹೋದಂಗೆ ಹೋದ್ರು. ಲೈನೆಲ್ಲ ಹೊಲಿಯೋದು ಬಿಟ್ಟು ನಿಂತ್ಕೊಂಡು ನೋಡ್ತು. ನಂಗೆ ಆವತ್ತು ಅನ್ನ ಸೇರಲಿಲ್ಲ,” ಎನ್ನುತ್ತಾರೆ ನಾಗಮಣಿ.

ಊಟದ ಬಿಡುವಿನಲ್ಲಿ ಅವರೂ ಚಪ್ಪಲಿ ಬಿಟ್ಟು ಜಾರತೊಡಗಿದರು. ಐಲಾ ಬಂದಾಗಲೆಲ್ಲ ತಿದ್ದಿದರು. ಕಡೆಯ ಸಲ ಬಂದಾಗ ತಮ್ಮ ಹಳೆಯ ಹಲಗೆಗಳನ್ನೂ ಕೋಲುಗಳನ್ನೂ ಕೊಟ್ಟು ಹೋದರು. ಅದೇ ವರ್ಷ ನಾಗಮಣಿಗೆ ಕಣೇಕಲ್ಲಿನ ಕಡೆಯ ಆಟೋ ಡ್ರೈವರ್ ಓಬುಲೇಶ್ ಜತೆ ಮದುವೆಯಾಯಿತು. ಹೊಸ ಸೊಸೆಯ ಟ್ರಂಕಿನ ಜತೆ ಬಸ್ಸಿನ ಮೇಲಿಂದ ಬಟ್ಟೆ ಸುತ್ತಿದ ಉದ್ದನೆಯ ಗಂಟೊಂದು ಇಳಿಯಿತು. ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆ ಪಾಪಕ್ಕನಿಗೆ ಎದೆ ಧಸಕ್ಕೆಂದಿತು.

“ಮದುವಿ ಹೆಣ್ಣು ಚಟ್ಟದ ಗಳ ತಂದಾಳೇನು ಅಂದ್ಕಂಡೆನ್ರಿ,” ಎನ್ನುತ್ತಾರೆ ಪಾಪಕ್ಕ, ಈಗಲೂ ಎದೆ ಮುಟ್ಟಿಕೊಂಡು. “ಬಿಚ್ಚಿ ನೋಡೋತನಕ ಒಳಗ ಬಿಡ್ಲಿಲ್ಲ. ನೋಡಿದ ಮ್ಯಾಲೂ ಏನಂತ ತಿಳೀಲಿಲ್ಲ ಬಿಡ್ರಿ.”

ಈ ಊರಲ್ಲಿ ಮಿಶೀನುಗಳ ನಡುವಿನ ನುಣುಪು ನೆಲವಿಲ್ಲ. ಇದ್ದದ್ದು ಉಸುಕು. ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಕೆಲಸ ಸಿಕ್ಕಿತು. ಗಂಡನ ಆಟೋದಲ್ಲಿ ಬೇರೆ ಹೆಂಗಸರ ಜತೆ ಹೊರಡುವ ಮೊದಲು ದಿಬ್ಬಕ್ಕೆ ಹೋಗುವುದು ರೂಢಿಯಾಯಿತು. ಬಿಸಿಲೇರಿದರೆ ಉಸುಕು ಸಡಿಲವಾಗಿ ಹಲಗೆ ನುಂಗುತ್ತದೆ, ಹಾಗಾಗಿ ಸೂರ್ಯನಿಗಿಂತ ಮುಂಚೆ ಏಳಬೇಕು. ಬಿದ್ದು ಮೊಣಕೈ ಸುಲಿದುಕೊಂಡು ಹೋಗಿ ಜೇಬು ಹೊಲಿದ ದಿನಗಳಿವೆ. ಇಡೀ ದಿನ ಕೂತ ಸೊಂಟ ಮರುಬೆಳಗ್ಗೆ ಏಳಲು ಒಪ್ಪದ ದಿನಗಳೂ ಇವೆ. ದಿಬ್ಬದ ಮೇಲೆ ಓಬುಲೇಶ್ ಮೊಬೈಲಿನಲ್ಲಿ ಹಿಡಿದ ವಿಡಿಯೋ ಕೈಯಿಂದ ಕೈಗೆ ಹೋಗಿ, ಸೈನ್ಯದಲ್ಲಿದ್ದಾಗ ಸ್ಕೀ ಕಲಿತು ಈಗ ರಾಜ್ಯದ ಸಣ್ಣದೊಂದು ತಂಡ ಕಟ್ಟಿರುವ ಗಾದಿಲಿಂಗಪ್ಪನವರಿಗೆ ತಲುಪಿತು. ಅವರು ಹುಡುಕಿಕೊಂಡು ಬಂದರು. ಕಳೆದ ಚಳಿಗಾಲದಲ್ಲಿ ನಾಗಮಣಿ ಮೊದಲ ಸಲ ಹಿಮ ಮುಟ್ಟಿದರು.

ಆಗಲೇ ಆದದ್ದು ಆ ಎಡವಟ್ಟು.

ಉಸುಕಿನ ಊರಿನವರ ನಡಿಗೆಯನ್ನು ನೀವು ಗಮನಿಸಬೇಕು. ಮೇವಿನ ಹೊರೆ ಹೊತ್ತ ಹೆಂಗಸರು ದಿಬ್ಬ ದಾಟುವಾಗ ಒಬ್ಬರ ಹಿಂದೊಬ್ಬರು ಹೋಗುವುದಿಲ್ಲ, ಅಗಲಕ್ಕೆ ಹರಡಿಕೊಂಡು ಹೋಗುತ್ತಾರೆ. ಒಬ್ಬರು ತುಳಿದ ಉಸುಕು ಸಡಿಲವಾಗಿರುತ್ತದೆ, ಅಲ್ಲಿ ಕಾಲಿಟ್ಟರೆ ಹೂತುಕೊಳ್ಳುತ್ತದೆ. ತುಳಿಯದ ಕಡೆ ಇಬ್ಬನಿಯ ಹೆಪ್ಪು ಗಟ್ಟಿಯಾಗಿರುತ್ತದೆ. ಇಲ್ಲಿ ಮಕ್ಕಳಿಗೂ ಇದು ಗೊತ್ತು. ನಾಗಮಣಿಯ ಕಾಲೂ ಇದನ್ನೇ ಕಲಿತಿತ್ತು. ಹಿಮದಲ್ಲಿ ಮಾತ್ರ ಎಲ್ಲ ತಿರುವುಮುರುವು. ಪಂದ್ಯದ ದಾರಿಯುದ್ದಕ್ಕೂ ಮಿಶೀನಿನಿಂದ ಎರಡು ಸಾಲು ಕೊರೆದಿರುತ್ತಾರೆ. ಅದರೊಳಗಿದ್ದರೆ ಓಟ, ಹೊರಬಿದ್ದರೆ ಮೊಣಕಾಲುದ್ದ ಹಿಮ.

“ಅಷ್ಟು ಜನ ಹೋಗಿರೋ ಸಾಲು ಕಂಡ ಕೂಡ್ಲೇ ಕಾಲು ತಾನೇ ಪಕ್ಕಕ್ಕೆ ಹೋಯ್ತು ಕಣಮ್ಮ. ಪಕ್ಕದಾಗೆ ನುಣ್ಣಗೆ ಯಾರೂ ತುಳೀದಿರೋ ಹಿಮ. ಅಯ್ಯೋ, ಇಂಥಾ ಜಾಗ ಬಿಟ್ಟು ಎಲ್ರೂ ಅಲ್ಲೇ ಹೋಗ್ತವ್ರಲ್ಲ, ಎಂಥಾ ದಡ್ರು ಅನ್ಕೊಂಡೆ. ದಾರೀಲಿ ನಿಂತಿದ್ದೋರು ಸಾಲಿಗೆ ಬಾ ಅಂತ ಕೈ ಬೀಸ್ತಿದ್ರು. ನನ್ನ ಹುರಿದುಂಬಿಸ್ತವ್ರೆ ಅಂತ ನಾನೂ ಕೈ ಬೀಸ್ದೆ.”

ಅವರು ಕೊನೆ ಮುಟ್ಟುವಷ್ಟರಲ್ಲಿ ಬ್ಯಾನರು ಬಿಚ್ಚಿ ಸುತ್ತುತ್ತಿದ್ದರು. ಗಾದಿಲಿಂಗಪ್ಪ ಬೈಯಲಿಲ್ಲ. ಹಿಂತಿರುಗುವಾಗ ರೈಲಿನಲ್ಲಿ ಒಂದು ಮಾತು ಹೇಳಿದರು. ಅದನ್ನು ನನ್ನೆದುರೂ ಹೇಳುತ್ತಾರೆ: “ತಂಡದಾಗ ಜಾಗ ಕಡಿಮಿ ಐತ್ರಿ. ಎರಡನೇ ಸಲಾನೂ ಎಲ್ಲಾರಕಿಂತ ಹಿಂದ ಬಂದ್ರ ಆ ಜಾಗ ಇನ್ನೊಬ್ಬರಿಗೆ ಕೊಡಬೇಕಾಗ್ತೈತಿ. ಈಕಿ ದಮ್ಮು ಬಾಳ ಐತಿ. ಕಾಲು ಸಾಲಿನಾಗ ನಿಲ್ಲಬೇಕು, ಅಷ್ಟ.”

ನಿಲ್ಲುವುದನ್ನು ಉಸುಕಿನ ಮೇಲೆ ಕಲಿಯುವುದು ಹೇಗೆ? ಉಪಾಯ ಹೊಳೆದದ್ದು ಶೇಂಗಾ ಬಿತ್ತುವ ಮಾವನಿಗೆ. ಹೊನ್ನೂರಪ್ಪ ಹಳೆಯ ಕೂರಿಗೆಯ ಹಲ್ಲುಗಳಲ್ಲಿ ಎರಡನ್ನು ಮಾತ್ರ ಉಳಿಸಿದರು. ಅವುಗಳ ತುದಿಗೆ ಹಲಗೆಯಷ್ಟಗಲದ ಜಾಲಿ ತುಂಡು ಬಡಿದು, ಮೇಲೆ ಕಲ್ಲು ಹೇರಿದರು. ಪಕ್ಕದ ಕಾಲುವೆಯ ನೀರು ಜಿನುಗಿ ಉಸುಕು ತೇವವಾಗಿರುವ ಮಗ್ಗುಲಲ್ಲಿ ಎತ್ತು ಹೊಡೆದರೆ ಅಚ್ಚೊತ್ತಿದಂಥ ಎರಡು ಸಾಲು. ಬಿಸಿಲೇರುವ ತನಕ ನಿಲ್ಲುತ್ತದೆ, ಆಮೇಲೆ ಗಾಳಿ ತುಂಬಿಬಿಡುತ್ತದೆ. ದಿನಾ ಬೆಳಗ್ಗೆ ಹೊಸದಾಗಿ ಹೊಡೆಯಬೇಕು.

“ನಮ್ಮ ಎತ್ತಿಗೂ ರೂಢಿ ಆಗೇತ್ರಿ,” ಎನ್ನುತ್ತಾರೆ ಹೊನ್ನೂರಪ್ಪ. “ಬೀಜ ಇಲ್ಲ, ಗೊಬ್ಬರ ಇಲ್ಲ, ಏನ್ ಬಿತ್ತಾಕತ್ತಾನ ಈ ಮುದುಕ ಅಂತ ಮೊದಲ ತಿರುಗಿ ತಿರುಗಿ ನೋಡ್ತಿದ್ವು.”

ಆವತ್ತು ಬೆಳಗ್ಗೆ ನಾನು ನೋಡುತ್ತಿರುವಾಗಲೇ ನಾಗಮಣಿಯ ಎಡಗಾಲು ಸಾಲಿನಿಂದ ಜಿಗಿದು ಪಕ್ಕದ ಗಟ್ಟಿ ಉಸುಕಿಗೆ ಹೋಗುತ್ತದೆ. ಒಮ್ಮೆಯಲ್ಲ, ಮತ್ತೆ ಮತ್ತೆ. ಪ್ರತಿ ಸಲವೂ ಅವರು ನಿಂತು, ತೊಡೆಗೆ ಒಂದೇಟು ಕೊಟ್ಟು, ಕಾಲನ್ನು ಸಾಲಿಗೆ ತಂದಿಡುತ್ತಾರೆ. ಮುಖ ಸಪ್ಪಗಿದೆ. “ಪಂದ್ಯಕ್ಕೆ ಇನ್ನು ಜಾಸ್ತಿ ದಿನ ಇಲ್ಲ. ಈ ಎಡಗಾಲು ನನ್ನ ಮಾತು ಕೇಳಂಗಿಲ್ಲ,” ಎಂದವರೇ ಆಟೋದ ಹಾರನ್ ಕೇಳಿ ಹಲಗೆ ಬಿಚ್ಚಿ ಓಡುತ್ತಾರೆ. ಆಟೋದಲ್ಲಿ ಕಾಯುತ್ತಿದ್ದ ಅಂಬಮ್ಮ ಛೇಡಿಸುತ್ತಾರೆ: “ಬಾರವ್ವ ಹಿಮದ ರಾಣಿ, ಜೇಬು ಕಾಯಾಕತ್ತಾವು!” ಕಳೆದ ಸಲ ನಾಗಮಣಿ ಹೋದಾಗ ಅವರ ಪಾಲಿನ ಜೇಬುಗಳನ್ನು ತಮ್ಮ ಪಾಲಿನ ಜತೆ ಹೊಲಿದುಕೊಟ್ಟವರು ಇದೇ ಅಂಬಮ್ಮ. ಈ ಸಲವೂ ಅವರೇ.

ಶಿವರಾತ್ರಿ ಕಳೆದ ಮೇಲೆ ನಾನು ಮತ್ತೆ ಹೋಗುತ್ತೇನೆ. ಭಾನುವಾರ, ಕೆಲಸಕ್ಕೆ ರಜೆ. ನಾಗಮಣಿಯ ಮೂಗಿನ ಮೇಲಿನ ಚರ್ಮ ಹಿಮದ ಬಿಸಿಲಿಗೆ ಸುಲಿದಿದೆ. ಅಂಗಳದಲ್ಲಿ ಶೇಂಗಾ ಸುಲಿಯುತ್ತ ಮನೆಮಂದಿಯೆಲ್ಲ ಕೂತಿದ್ದಾರೆ. ಪಂದ್ಯ ಏನಾಯಿತು ಎಂದು ಕೇಳುವ ಮೊದಲು ನಾನೂ ಒಂದು ಹಿಡಿ ಶೇಂಗಾ ಸುಲಿಯಲು ತೆಗೆದುಕೊಳ್ಳುತ್ತೇನೆ.

“ಸಾಲಲ್ಲೇ ಹೋದೆ,” ಎನ್ನುತ್ತಾರೆ ನಾಗಮಣಿಯೇ. “ಮುಕ್ಕಾಲು ದಾರಿ ಎಡಗಾಲು ಅಲುಗಾಡಲಿಲ್ಲ. ಕೊನೇಲಿ ಒಂದು ಏರು. ಅಲ್ಲಿ ಜನ ಸಾಲಾಗಿ ನಿಂತವ್ರೆ. ಒಬ್ಬೊಬ್ಬಳು ಹತ್ತುವಾಗ್ಲೂ ಅವಳ ಕಡೆಯೋರು ಅವರ ಮಾತಲ್ಲಿ ಹೆಸರು ಹಿಡಿದು ಕೂಗ್ತಾರೆ. ಕೂಗಿದ ಕೂಡ್ಲೇ ಆ ಹುಡುಗೀರಿಗೆ ಮೈಯಾಗೆ ಏನೋ ಬಂದಂಗೆ ಆಗ್ತಿತ್ತು. ನಂಗೆ ಯಾರವ್ರೆ? ಗಾದಿಲಿಂಗಪ್ಪ ಸಾರು ಎಲ್ಲೋ ಕೆಳಗಿದ್ರು. ನಾನು ಹತ್ತೋ ಹೊತ್ತಿಗೆ ಎಲ್ಲಾ ಸುಮ್ಮನಾದ್ರು. ಎಡಗಾಲು ಪಕ್ಕಕ್ಕೆ ಎಳೀತು.”

“ಆಮೇಲೆ?”

ನಾಗಮಣಿ ವೇಲನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಾರೆ. “ನಾನೇ ಕೂಗ್ಕೊಂಡೆ. ‘ಏಯ್ ನಾಗಮಣೀ, ಎಲ್ಲಿಗೆ ಹೋಗ್ತೀಯೇ, ನೆಟ್ಟಗೆ ನಡಿಯೇ!’ ಅಂತ. ಗಂಟಲು ಹರಿಯಂಗೆ. ಅಲ್ಲಿದ್ದೋರು ಯಾರನ್ನ ಬೈತಾವಳೆ ಅಂತ ಹಿಂದೆ ಮುಂದೆ ತಿರುಗಿ ನೋಡಿದ್ರು. ಕೂಗ್ಕೊಂಡು ಕೂಗ್ಕೊಂಡೇ ಮೇಲಕ್ಕೆ ಹೋಗ್ಬಿಟ್ಟೆ.”

ಕೊನೆ ಮುಟ್ಟಿದಾಗ ಬ್ಯಾನರು ಇನ್ನೂ ಕಟ್ಟಿದ ಹಾಗೇ ಇತ್ತು. ತಿರುಗಿ ನೋಡಿದರೆ ಏರಿನಲ್ಲಿ ಇನ್ನೂ ಇಬ್ಬರು ಬರುತ್ತಿದ್ದರು. ಪದಕದ ಹತ್ತಿರಕ್ಕೂ ಸುಳಿದಿಲ್ಲ. ಆದರೆ ಬರುವ ವರ್ಷದ ತಂಡದಲ್ಲಿ ಅವರ ಜಾಗ ಅವರದ್ದೇ.

ಶೇಂಗಾಕಾಯಿ ಒಡೆಯುತ್ತಿದ್ದ ಪಾಪಕ್ಕ ಮೊರವನ್ನು ದಡ್ಡನೆ ಕೆಳಗಿಡುತ್ತಾರೆ. “ಅಷ್ಟು ದೂರ ಹೋಗಿ ತನ್ನ ಹೆಸರು ತಾನ ಕೂಗ್ಕಂಡು ಬಂದಾಳ್ರಿ, ದಿಕ್ಕಿಲ್ಲದಾಕಿ ಹಂಗ. ಮುಂದಿನ ವರ್ಷ ನಾನೂ ಹೊಕ್ಕೀನಿ.”

“ಥಂಡಿಗೆ ಸೆಟದು ಹೋಗ್ತಿ ಬೇ,” ಎಂದು ಓಬುಲೇಶ್ ನಗುತ್ತಾರೆ.

“ಥಂಡಿ ಆದ್ರ ಇನ್ನೂ ಜೋರ್ ಕೂಗ್ತೀನಿ. ನೀನು ಟಿಕೆಟ್ ಮಾಡ್ಸು.”

ದಾರಿಯವರೆಗೆ ಬೀಳ್ಕೊಡಲು ಬಂದ ನಾಗಮಣಿಯನ್ನು ಮುಂದಿನ ಆಸೆ ಏನೆಂದು ಕೇಳುತ್ತೇನೆ. ಅವರು ಅಂಗಳದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸುತ್ತಾರೆ.

“ನಮ್ಮತ್ತೆ ಗಂಟಲು ನಿಮಗೆ ಗೊತ್ತಿಲ್ಲ ಕಣಮ್ಮ. ಒಂದೇ ಒಂದು ಸಲ ಅವರು ಬಂದು ಆ ಏರಲ್ಲಿ ನಿಂತ್ಕೊಂಡ್ರೆ ಸಾಕು. ಮೆಡಲ್ಲು ಯಾರಾನ ತಗೊಂಡು ಹೋಗ್ಲಿ.”